ಹೊರೆಯ ಗಾಡಿ ಮನೆಯ ಗಾಡಿಯಾದಾಗ: ಪಿಕಪ್ ಟ್ರಕ್ಕಿನ ಬಳಕೆ, ಆರೈಕೆ, ಮಾರ್ಪಾಡು

ಮುಂದೆ ಮುಚ್ಚಿದ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ ಇರುವ ಹಗುರ ಸರಕು ವಾಹನವನ್ನು ಪಿಕಪ್ ಎಂದು ಕರೆಯುವುದು ರೂಢಿ. ಕರ್ನಾಟಕದ ರಸ್ತೆಗಳಲ್ಲಿ ಟೊಮೆಟೊ ಕ್ರೇಟು, ಹಾಲಿನ ಕ್ಯಾನು, ಸಿಮೆಂಟು ಚೀಲಗಳನ್ನು ಹೊತ್ತು ಓಡಾಡುವ ಪಿಕಪ್‌ಗಳು ಬಹುಮಟ್ಟಿಗೆ ಬಾಡಿಗೆಗೆ ದುಡಿಯುವ ಹಳದಿ ಬೋರ್ಡಿನ ಗಾಡಿಗಳು. ಅಮೆರಿಕದಲ್ಲಾದರೋ ಅದೇ ಬಗೆಯ ವಾಹನ ಮನೆಯ ಮುಂದೆ ನಿಲ್ಲುವ, ಕಚೇರಿಗೂ ಅಂಗಡಿಗೂ ಮಕ್ಕಳ ಶಾಲೆಗೂ ಹೋಗಿಬರುವ ಸ್ವಂತ ಗಾಡಿಯಾಗಿ ಬೆಳೆದಿದೆ. ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್‌ಗಳು 1977ರಿಂದ ಈಚೆಗೆ ಅಲ್ಲಿನ ಟ್ರಕ್ಕುಗಳ ಮಾರಾಟದಲ್ಲಿ ಮೊದಲ ಸ್ಥಾನ ಹಿಡಿದಿರುವುದಲ್ಲದೆ, 1980ರ ದಶಕದ ಆರಂಭದಿಂದ ಬಹುಪಾಲು ವರ್ಷಗಳಲ್ಲಿ ಕಾರುಗಳನ್ನೂ ಹಿಂದಿಕ್ಕಿವೆ ಎಂಬುದೊಂದೇ ಈ ವಾಹನ ಅಲ್ಲಿನ ಬದುಕಿನೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತಿಳಿಸುತ್ತದೆ. ಸ್ವಂತ ಪಿಕಪ್ಪಿನ ಸುಖ, ಅದರ ಆರೈಕೆ ಮತ್ತು ಅದಕ್ಕೆ ಮಾಡಿಸುವ ಮಾರ್ಪಾಡು ಮೂರು ಬೇರೆ ಬೇರೆ ಸಂಗತಿಗಳಂತೆ ಕಂಡರೂ ಅವೆಲ್ಲ ನಿಂತಿರುವುದು ಒಂದೇ ತಿಳಿವಳಿಕೆಯ ಮೇಲೆ: ಗಾಡಿಯ ಒಂದು ಭಾಗವನ್ನು ಬದಲಿಸಿದರೆ ಅಥವಾ ಕಡೆಗಣಿಸಿದರೆ, ಅದರ ಲೆಕ್ಕವನ್ನು ಇನ್ನೊಂದು ಭಾಗ ತೀರಿಸಬೇಕಾಗುತ್ತದೆ.

ಹೊಲದಿಂದ ಮನೆಯ ಅಂಗಳಕ್ಕೆ

ಪಿಕಪ್ಪಿನ ಚರಿತ್ರೆ ಕಾರ್ಖಾನೆಗಿಂತ ಮೊದಲು ರೈತರ ಕೊಟ್ಟಿಗೆಗಳಲ್ಲಿ, ಸಣ್ಣ ವ್ಯಾಪಾರಿಗಳ ಶೆಡ್ಡುಗಳಲ್ಲಿ ಆರಂಭವಾಯಿತು. 1908ರಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಮಾಡೆಲ್ ಟಿ ಕಾರನ್ನು ಕೊಂಡ ಅನೇಕರು ಅದರ ಹಿಂಭಾಗವನ್ನು ಕಿತ್ತು, ಮರದ ಪೆಟ್ಟಿಗೆಯನ್ನು ಕೂರಿಸಿ, ಧಾನ್ಯ ಮತ್ತು ಹಾಲನ್ನು ಸಾಗಿಸತೊಡಗಿದರು. ಈ ರೂಢಿಯನ್ನು ಗಮನಿಸಿದ ಕಂಪನಿ 1925ರ ಏಪ್ರಿಲ್‌ನಲ್ಲಿ ಉಕ್ಕಿನ ತೊಟ್ಟಿಯನ್ನು ಜೋಡಿಸಿದ ಮಾಡೆಲ್ ಟಿ ಗಾಡಿಯನ್ನು ತಾನೇ 281 ಡಾಲರ್ ಬೆಲೆಗೆ ಮಾರಾಟಕ್ಕೆ ಇಟ್ಟಿತು. ಅದರ ಎಂಜಿನ್ನಿನ ಶಕ್ತಿ ಕೇವಲ 20 ಅಶ್ವಶಕ್ತಿಯಾಗಿದ್ದರೂ ಕಾರಿನ ಬೆಲೆಯಲ್ಲಿ ಸಾಗಣೆಯ ಅನುಕೂಲ ದೊರೆತದ್ದು ಹಳ್ಳಿಗಾಡಿನ ಮನೆಗಳಿಗೆ ದೊಡ್ಡ ಬಲವಾಯಿತು. ಹೀಗೆ ಪಿಕಪ್ ಹುಟ್ಟಿದ್ದೇ ಮಾಲೀಕರ ಮಾರ್ಪಾಡಿನಿಂದ. ಅದನ್ನು ತನಗೆ ಬೇಕಾದಂತೆ ಒಗ್ಗಿಸಿಕೊಳ್ಳುವ ಇಂದಿನ ಮಾಲೀಕ ಆ ಹಳೆಯ ಅಭ್ಯಾಸವನ್ನೇ ಮುಂದುವರಿಸುತ್ತಿದ್ದಾನೆ.

ಆಸ್ಟ್ರೇಲಿಯದಲ್ಲಿ ಇದೇ ಬಯಕೆ ಇನ್ನಷ್ಟು ಸ್ಪಷ್ಟವಾಗಿ ಮಾತಿಗೆ ಬಂದಿತು. 1930ರ ದಶಕದ ಆರಂಭದಲ್ಲಿ ವಿಕ್ಟೋರಿಯಾ ರಾಜ್ಯದ ರೈತನೊಬ್ಬನ ಹೆಂಡತಿ ಫೋರ್ಡ್ ಕಂಪನಿಗೆ ಪತ್ರ ಬರೆದು, ಭಾನುವಾರ ಮಳೆಯಲ್ಲಿ ನೆನೆಯದೆ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲೂ ಆಗುವಂಥ ಒಂದೇ ಗಾಡಿ ಬೇಕೆಂದು ಕೇಳಿದಳೆಂಬುದು ಅಲ್ಲಿ ಪ್ರಸಿದ್ಧವಾದ ಸಂಗತಿ. ಗೀಲಾಂಗ್ ಕಾರ್ಖಾನೆಯ ಯುವ ವಿನ್ಯಾಸಕಾರ ಲೂಯಿಸ್ ಬ್ಯಾಂಟ್ ರೂಪಿಸಿದ, ಕಾರಿನ ಕ್ಯಾಬಿನ್ನಿಗೂ ತೊಟ್ಟಿಗೂ ನಡುವೆ ಬಿರುಕಿಲ್ಲದ ಒಂದೇ ಮೈಕಟ್ಟಿನ ವಾಹನ 1934ರಲ್ಲಿ ಹೊರಬಂದಿತು; ಯೂಟ್ ಎಂಬ ಹೆಸರಿನ ಆ ಗಾಡಿಗಳ ಬಗೆಗಿನ ಅಭಿಮಾನ ಆ ದೇಶದಲ್ಲಿ ಇಂದಿಗೂ ಕುಗ್ಗಿಲ್ಲ.

ಅಮೆರಿಕದಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಟ್ರಕ್ಕಿನ ಗಟ್ಟಿತನವನ್ನೇ ಜನಬಳಕೆಗೆ ತಂದ ಡಾಜ್ ಪವರ್ ವ್ಯಾಗನ್, 1948ರಲ್ಲಿ ಆರಂಭವಾದ ಫೋರ್ಡ್ ಎಫ್ ಸರಣಿ, 1955ರಲ್ಲಿ ಬಂದ ಶೆವರ್ಲೆ ಕ್ಯಾಮಿಯೋ ಕ್ಯಾರಿಯರ್ ಇವು ಒಂದೊಂದೂ ಒಂದೊಂದು ತಿರುವನ್ನು ಸೂಚಿಸುತ್ತವೆ. ಇವುಗಳಲ್ಲಿ ಕೊನೆಯದು, ತೊಟ್ಟಿಯ ಹೊರಮೈಯನ್ನು ಫೈಬರ್‌ಗ್ಲಾಸ್ ಹಲಗೆಗಳಿಂದ ನುಣುಪಾಗಿಸಿ ಎರಡು ಬಣ್ಣಗಳಲ್ಲಿ ಸಿಂಗರಿಸಿದ ಗಾಡಿಯಾಗಿದ್ದು, ಸಾಗಣೆಯ ವಾಹನಕ್ಕೂ ಚಂದ ಬೇಕೆಂಬ ಭಾವನೆಗೆ ಕಂಪನಿಯೊಂದು ಕೊಟ್ಟ ಮೊದಮೊದಲ ಮನ್ನಣೆಗಳಲ್ಲಿ ಒಂದು. ಅಮೆರಿಕದ ಕೋಳಿಮಾಂಸಕ್ಕೆ ಯೂರೋಪಿನ ದೇಶಗಳು ಹಾಕಿದ ಸುಂಕಕ್ಕೆ ಪ್ರತಿಯಾಗಿ 1964ರಲ್ಲಿ ಜಾರಿಗೆ ಬಂದ, ಹೊರದೇಶದ ಹಗುರ ಟ್ರಕ್ಕುಗಳ ಮೇಲಿನ ಶೇಕಡಾ 25ರ ಆಮದು ಸುಂಕವು ದೇಶೀಯ ಕಂಪನಿಗಳಿಗೆ ದೊಡ್ಡ ಆಸರೆಯಾಯಿತು. ದೊಡ್ಡ ಗಾತ್ರದ ಪಿಕಪ್ಪುಗಳೇ ಅಲ್ಲಿ ಬೇರೂರಲು ಇದೂ ಒಂದು ಕಾರಣ.

ಚಾಸಿ, ಸ್ಪ್ರಿಂಗು, ತೊಟ್ಟಿ

ಪಿಕಪ್ಪನ್ನು ಚೆನ್ನಾಗಿ ಇಟ್ಟುಕೊಳ್ಳಬೇಕಾದರೆ ಅದು ಕಾರಿಗಿಂತ ಎಲ್ಲಿ ಭಿನ್ನವಾಗಿದೆ ಎಂಬುದು ಮೊದಲು ಗೊತ್ತಿರಬೇಕು. ಇಂದಿನ ಬಹುತೇಕ ಕಾರುಗಳಲ್ಲಿ ಹೊರಮೈ ಮತ್ತು ಅಡಿಗಟ್ಟು ಒಂದರೊಳಗೊಂದು ಬೆಸೆದುಕೊಂಡು ಒಟ್ಟಾಗಿ ಭಾರ ಹೊರುತ್ತವೆ. ಬಹುಪಾಲು ಪಿಕಪ್‌ಗಳಲ್ಲಿ ಏಣಿಯಂತೆ ಎರಡು ಉದ್ದ ತೊಲೆಗಳನ್ನು ಅಡ್ಡಪಟ್ಟಿಗಳಿಂದ ಬಂಧಿಸಿದ ಉಕ್ಕಿನ ಚಾಸಿ ಕೆಳಗಿದ್ದು, ಅದರ ಮೇಲೆ ಕ್ಯಾಬಿನ್ನನ್ನೂ ತೊಟ್ಟಿಯನ್ನೂ ಬೇರೆ ಬೇರೆಯಾಗಿ ಕೂರಿಸಲಾಗುತ್ತದೆ. ಹಿಂದಿನ ಆಕ್ಸಲ್ಲಿನ ಮೇಲೆ ಸಾಮಾನ್ಯವಾಗಿ ಲೀಫ್ ಸ್ಪ್ರಿಂಗ್ ಇರುತ್ತದೆ, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿದ ಕಟ್ಟು. ಹೊರೆ ಹೆಚ್ಚಿದಂತೆ ಈ ಪಟ್ಟಿಗಳು ಚಪ್ಪಟೆಯಾಗುತ್ತ ಭಾರವನ್ನು ಹಂಚಿಕೊಳ್ಳುತ್ತವೆ. ಹೊರೆಗೆಂದು ಹದಗೊಳಿಸಿದ ಈ ಸ್ಪ್ರಿಂಗು ತೊಟ್ಟಿ ಖಾಲಿಯಿದ್ದಾಗ ಬಿಗಿಯಾಗಿಯೇ ಇರುವುದರಿಂದ, ಖಾಲಿ ಪಿಕಪ್ಪಿನ ಹಿಂಭಾಗ ಹಳ್ಳದಿಣ್ಣೆಗಳಲ್ಲಿ ಎಗರುತ್ತದೆ, ಮಳೆ ಬಿದ್ದ ರಸ್ತೆಯ ತಿರುವಿನಲ್ಲಿ ಹಗುರವಾದ ಹಿಂದಿನ ಚಕ್ರಗಳು ಜಾರಲೂಬಹುದು. ಹಿಮ ಬೀಳುವ ಊರುಗಳಲ್ಲಿ ಚಳಿಗಾಲಕ್ಕೆ ಹಿಂದಿನ ಆಕ್ಸಲ್ಲಿನ ನೇರಕ್ಕೆ ಮರಳಿನ ಚೀಲಗಳನ್ನು ಇಟ್ಟು, ಸರಿಯದಂತೆ ಕಟ್ಟುವ ರೂಢಿ ಬಂದಿರುವುದು ಇದೇ ಕಾರಣಕ್ಕೆ.

ತೊಟ್ಟಿಯ ಅಳತೆಯಲ್ಲೂ ಒಂದು ಲೆಕ್ಕಾಚಾರ ಅಡಗಿದೆ. ಅಮೆರಿಕದಲ್ಲಿ ಪ್ಲೈವುಡ್ ಹಲಗೆಯ ಸಾಮಾನ್ಯ ಅಳತೆ 4 ಅಡಿ ಅಗಲ, 8 ಅಡಿ ಉದ್ದ. ಪೂರ್ಣ ಗಾತ್ರದ ಪಿಕಪ್ಪಿನ ತೊಟ್ಟಿಯೊಳಗೆ ಉಬ್ಬಿಕೊಂಡಿರುವ ಎರಡು ಮಡ್‌ಗಾರ್ಡುಗಳ ನಡುವೆ 4 ಅಡಿಗಿಂತ ತುಸು ಹೆಚ್ಚು ಜಾಗ ಬಿಟ್ಟಿರುವುದರಿಂದ ಆ ಹಲಗೆ ನೆಲಕ್ಕೆ ಅಂಟಿದಂತೆ ಚಪ್ಪಟೆಯಾಗಿ ಮಲಗುತ್ತದೆ. ತೊಟ್ಟಿಯ ಉದ್ದ ಸುಮಾರು ಐದೂವರೆ, ಆರೂವರೆ, ಎಂಟು ಅಡಿ ಎಂದು ಮೂರು ಬಗೆಯಾಗಿದ್ದು, ಸಂಸಾರಕ್ಕೆಂದು ಹಿಂದಿನ ಸೀಟೂ ನಾಲ್ಕು ಬಾಗಿಲೂ ಇರುವ ಕ್ಯಾಬಿನ್ನನ್ನು ಆರಿಸಿಕೊಂಡವರು ಸಾಮಾನ್ಯವಾಗಿ ಚಿಕ್ಕ ತೊಟ್ಟಿಗೆ ತೃಪ್ತರಾಗಬೇಕಾಗುತ್ತದೆ. ಜನಕ್ಕೆ ಕೊಟ್ಟ ಜಾಗವನ್ನು ಸರಕಿನಿಂದಲೇ ಕಳೆಯಬೇಕಾಗುವ ಈ ಆಯ್ಕೆಯನ್ನು ಗಾಡಿ ಕೊಳ್ಳುವ ಮೊದಲೇ ಯೋಚಿಸಿ ಮಾಡಿಕೊಳ್ಳುವುದು ಒಳ್ಳೆಯದು.

ದಿನಬಳಕೆಯ ಸುಖ

ಸ್ವಂತ ಪಿಕಪ್ಪಿನ ಸುಖ ವೇಗದಲ್ಲಿಲ್ಲ, ಒದಗಿಬರುವ ಗುಣದಲ್ಲಿದೆ. ಕೈತೋಟಕ್ಕೆ ಗೊಬ್ಬರ, ಬೇಲಿಗೆ ಗೂಟ, ಹಳೆಯ ಸೋಫಾ, ಕೆಟ್ಟ ಫ್ರಿಜ್ಜು, ಮಕ್ಕಳ ಸೈಕಲ್ಲು ಮುಂತಾಗಿ ಕಾರಿನ ಡಿಕ್ಕಿಗೆ ಹೊಂದದ, ಲಾರಿ ಕರೆಸುವಷ್ಟು ದೊಡ್ಡದೂ ಅಲ್ಲದ ನೂರಾರು ಸಾಮಾನುಗಳು ಮನೆ ನಡೆಸುವವರಿಗೆ ಎದುರಾಗುತ್ತಲೇ ಇರುತ್ತವೆ. ಇವನ್ನು ಬೇಕೆಂದಾಗ ಒಯ್ಯುವ ಸ್ವಾತಂತ್ರ್ಯವೇ ಪಿಕಪ್ ಕೊಡುವ ಮೊದಲ ಸಂತೋಷ. ಮನೆ ಬದಲಿಸುವ ಗೆಳೆಯರೂ ಮರ ಕಡಿಸಿದ ನೆರೆಯವರೂ ಮೊದಲು ನೆನೆಯುವುದು ಪಿಕಪ್ ಇರುವ ಮನೆಯನ್ನೇ ಆದ್ದರಿಂದ, ಈ ಗಾಡಿ ತನ್ನ ಮಾಲೀಕನನ್ನು ಸುತ್ತಲಿನವರ ಕಷ್ಟಸುಖಗಳೊಳಗೆ ತಾನಾಗಿಯೇ ಸೇರಿಸಿಬಿಡುತ್ತದೆ.

ತೊಟ್ಟಿಯ ಹಿಂಬಾಗಿಲು ಕೆಳಗೆ ಮಡಚಿಕೊಂಡು ಅಡ್ಡಲಾಗಿ ನಿಂತಾಗ ಕೂರುವ ಕಟ್ಟೆಯಾಗುತ್ತದೆ, ಊಟದ ಮೇಜಾಗುತ್ತದೆ, ಬಡಗಿಯ ಕೆಲಸದ ಹಲಗೆಯೂ ಆಗುತ್ತದೆ. ಅಮೆರಿಕದ ಫುಟ್‌ಬಾಲ್ ಪಂದ್ಯಗಳಿಗೆ ಮುನ್ನ ಕ್ರೀಡಾಂಗಣದ ಹೊರಗೆ ಗಾಡಿಗಳ ಹಿಂಬಾಗಿಲು ತೆರೆದು, ಒಲೆ ಹೂಡಿ, ಬೇಯಿಸಿ ಹಂಚಿಕೊಂಡು ತಿನ್ನುವ ಕೂಟಗಳಿಗೆ ಟೈಲ್‌ಗೇಟ್ ಪಾರ್ಟಿ ಎಂಬ ಹೆಸರು ಬಂದಿರುವುದು ಈ ಹಿಂಬಾಗಿಲಿನಿಂದಲೇ. ಗಾಡಿಯಲ್ಲೇ ಕುಳಿತು ನೋಡುವ ಬಯಲು ಸಿನಿಮಾ ಮಂದಿರಗಳಲ್ಲಿ ಪಿಕಪ್ಪನ್ನು ಹಿಂದುಮುಂದಾಗಿ ನಿಲ್ಲಿಸಿ, ತೊಟ್ಟಿಯಲ್ಲಿ ಹಾಸಿಗೆ ಹಾಸಿ ಚಿತ್ರ ನೋಡುವುದೂ, ರಜೆಯಲ್ಲಿ ತೊಟ್ಟಿಯ ಮೇಲೆ ಟೆಂಟು ಕಟ್ಟಿ ಕಾಡಂಚಿನಲ್ಲಿ ರಾತ್ರಿ ಕಳೆಯುವುದೂ ಅಲ್ಲಿನ ಕುಟುಂಬಗಳ ಮೆಚ್ಚಿನ ಹವ್ಯಾಸಗಳು. ಆದರೆ ಇವೆಲ್ಲ ನಿಂತ ಗಾಡಿಯ ಸುಖಗಳೆಂಬುದು ನೆನಪಿನಲ್ಲಿರಬೇಕು; ಸೀಟಾಗಲಿ ಬೆಲ್ಟಾಗಲಿ ಇಲ್ಲದ ತೊಟ್ಟಿಯಲ್ಲಿ ಜನರನ್ನು ಕೂರಿಸಿಕೊಂಡು ಓಡಿಸಿದರೆ ಒಂದು ಗಟ್ಟಿ ಬ್ರೇಕು ಸಾಕು, ಹಿಂದಿದ್ದವರು ರಸ್ತೆಗೆ ಬೀಳಲು.

ಆರೈಕೆಯ ಲೆಕ್ಕ

ಪಿಕಪ್ಪಿನ ಆರೈಕೆ ಎಣ್ಣೆಯಿಂದಲ್ಲ, ತೂಕದಿಂದ ಆರಂಭವಾಗಬೇಕು. ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಗಾಡಿ ಹೊರಬಹುದಾದ ಗರಿಷ್ಠ ತೂಕವೂ ಟೈರುಗಳಿಗೆ ತುಂಬಬೇಕಾದ ಗಾಳಿಯ ಒತ್ತಡವೂ ನಮೂದಾಗಿರುತ್ತವೆ. ಗಾಡಿ, ಜನ, ಸರಕು ಎಲ್ಲ ಸೇರಿದ ಒಟ್ಟು ತೂಕದ ಮಿತಿಯಿಂದ ಖಾಲಿ ಗಾಡಿಯ ತೂಕವನ್ನು ಕಳೆದರೆ ಉಳಿಯುವುದೇ ಹೊರುವ ಸಾಮರ್ಥ್ಯ, ಅಂದರೆ ಪೇಲೋಡ್. ಉದಾಹರಣೆಗೆ ಒಟ್ಟು ಮಿತಿ 3,100 ಕಿಲೋ, ಖಾಲಿ ತೂಕ 2,300 ಕಿಲೋ ಇರುವ ಗಾಡಿಗೆ 800 ಕಿಲೋ ಹೊರುವ ಸಾಮರ್ಥ್ಯವಿದೆ ಎನ್ನೋಣ. ತಲಾ 75 ಕಿಲೋ ತೂಗುವ ಐವರು ಕುಳಿತರೆ 375 ಕಿಲೋ ಹೋಯಿತು. ತೊಟ್ಟಿಯ ಮೇಲೆ ಕೂರಿಸಿದ ಚಾವಣಿ 90 ಕಿಲೋ ತೂಗಿದರೆ ಉಳಿದದ್ದು 335 ಕಿಲೋ. ಎಳೆದೊಯ್ಯುವ ಟ್ರೇಲರಿನ ತೂಕದಲ್ಲಿ ಸುಮಾರು ಶೇಕಡಾ 10ರಿಂದ 15ರಷ್ಟು ಗಾಡಿಯ ಕೊಂಡಿಯ ಮೇಲೆ ಕೂರುವುದರಿಂದ, 2,000 ಕಿಲೋದ ದೋಣಿಯೊಂದನ್ನು ಟ್ರೇಲರ್ ಸಮೇತ ಕಟ್ಟಿಕೊಂಡರೆ ಇನ್ನೂ 200ರಿಂದ 300 ಕಿಲೋ ಕಳೆದು, ಕೊನೆಗೆ ತೊಟ್ಟಿಯೊಳಗೆ ಇಡಬಹುದಾದ ಸಾಮಾನು 35ರಿಂದ 135 ಕಿಲೋಗೆ ಇಳಿಯುತ್ತದೆ. ತೊಟ್ಟಿಯಲ್ಲಿ ಜಾಗವಿದೆ ಎಂದ ಮಾತ್ರಕ್ಕೆ ಹೊರುವ ಶಕ್ತಿ ಇದೆ ಎಂದು ಭಾವಿಸುವವರ ಗಾಡಿಗಳಲ್ಲಿ ಸ್ಪ್ರಿಂಗ್ ಪಟ್ಟಿ ಮುರಿಯುವುದು, ಟೈರು ಕಾದು ಸಿಡಿಯುವುದು, ಬ್ರೇಕು ಸೋಲುವುದು ಈ ಲೆಕ್ಕ ತಪ್ಪಿದ್ದರಿಂದಲೇ.

ಭಾರ ಎಳೆಯುವ, ದೂಳಿನಲ್ಲಿ ಓಡುವ ಗಾಡಿಗಳಿಗೆ ಕಂಪನಿಗಳ ಕೈಪಿಡಿಗಳು ಕಠಿಣ ಬಳಕೆ ಎಂಬ ಬೇರೆಯ ವೇಳಾಪಟ್ಟಿಯನ್ನೇ ಕೊಟ್ಟಿರುತ್ತವೆ; ಅದರ ಪ್ರಕಾರ ಎಂಜಿನ್ ಆಯಿಲ್, ಗೇರ್‌ಬಾಕ್ಸಿನ ಎಣ್ಣೆ, ಗಾಳಿಯ ಫಿಲ್ಟರುಗಳನ್ನು ಸಾಮಾನ್ಯ ಬಳಕೆಗಿಂತ ಬೇಗ ಬದಲಿಸಬೇಕು. ಹಿಂದಿನ ಆಕ್ಸಲ್ಲಿನ ನಡುವೆ ಗುಂಡಗೆ ಉಬ್ಬಿರುವ ಡಿಫರೆನ್ಷಿಯಲ್, ಅಂದರೆ ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಆಸ್ಪದ ಕೊಡುವ ಹಲ್ಲುಚಕ್ರಗಳ ಜೋಡಣೆ, ಸಾಮಾನ್ಯವಾಗಿ ಎಲ್ಲರೂ ಮರೆಯುವ ಭಾಗ. ದೋಣಿ ಇಳಿಸಲು ಹಿಂದಿನ ಚಕ್ರಗಳನ್ನು ನೀರಿಗಿಳಿಸಿದಾಗ ಸೀಲಿನ ಮೂಲಕ ನೀರು ಒಳಹೊಕ್ಕಿದ್ದರೆ ಅದರ ಎಣ್ಣೆ ಬಿಳಿಚಿಕೊಂಡಿರುತ್ತದೆ. ಅದನ್ನು ಕಂಡೊಡನೆ ಬದಲಿಸುವ ಖರ್ಚು, ಹಲ್ಲುಚಕ್ರಗಳು ಸವೆದ ಮೇಲೆ ಬರುವ ಖರ್ಚಿನ ಮುಂದೆ ಏನೇನೂ ಅಲ್ಲ.

ಬೇಕೆಂದಾಗ ಮಾತ್ರ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಹಾಯಿಸುವ ಫೋರ್ ವೀಲ್ ವ್ಯವಸ್ಥೆಯುಳ್ಳ ಗಾಡಿಗಳಲ್ಲಿ ಅದನ್ನು ಒಣಗಿದ ಡಾಂಬರು ರಸ್ತೆಯ ಮೇಲೆ ಬಳಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕಾಗಿದ್ದು, ಕೆಸರಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಎಡೆಯಿಲ್ಲದೆ ಆ ಒತ್ತಡವೆಲ್ಲ ಶಾಫ್ಟುಗಳ ಮೇಲೆ ಬೀಳುತ್ತದೆ. ಹಾಗೆಂದು ವರ್ಷಗಟ್ಟಲೆ ಅದನ್ನು ಮುಟ್ಟದೆ ಬಿಟ್ಟರೂ ಒಳಗಿನ ಭಾಗಗಳು ಬಿಗಿದುಕೊಳ್ಳುವುದರಿಂದ, ಆಗಾಗ ಮಣ್ಣಿನ ದಾರಿಯಲ್ಲಿ ತುಸು ದೂರ ಹಾಕಿ ಓಡಿಸುವುದು ಅನುಭವಸ್ಥರ ಕ್ರಮ.

ಸ್ಟೆಪ್ನಿಯ ವಿಷಯದಲ್ಲಿ ಪಿಕಪ್ಪಿನದು ವಿಶೇಷವಾದ ಕಷ್ಟ. ತೊಟ್ಟಿಯ ಅಡಿಯಲ್ಲಿ ಉಕ್ಕಿನ ಹಗ್ಗದಿಂದ ತೂಗುಹಾಕಿರುವ ಈ ಹೆಚ್ಚುವರಿ ಚಕ್ರವನ್ನು, ಹಿಂದಿನ ಬಂಪರಿನ ಬಳಿಯ ರಂಧ್ರದೊಳಗೆ ಉದ್ದ ಸಲಾಕೆ ತೂರಿಸಿ ತಿರುಗಿಸಿ ಕೆಳಗಿಳಿಸಬೇಕು. ಕೆಸರು, ಉಪ್ಪು, ನೀರು ಸದಾ ಎರಚುವ ಜಾಗದಲ್ಲಿರುವ ಆ ರಾಟೆ ತುಕ್ಕು ಹಿಡಿದರೆ ಟೈರು ಪಂಕ್ಚರಾದ ದಿನ ಸ್ಟೆಪ್ನಿ ಇದ್ದೂ ಇಲ್ಲದಂತಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಅದನ್ನು ನೆಲಕ್ಕಿಳಿಸಿ, ಹಗ್ಗಕ್ಕೂ ರಾಟೆಗೂ ಎಣ್ಣೆ ಹಾಕಿ, ಟೈರಿಗೆ ಗಾಳಿ ತುಂಬಿ ಮತ್ತೆ ಏರಿಸುವ ಕೆಲಸಕ್ಕೆ ಅರ್ಧ ಗಂಟೆ ಸಾಕು.

ಎಲ್ಲಕ್ಕಿಂತ ದೊಡ್ಡ ಶತ್ರು ತುಕ್ಕು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದರಿಂದ ಚಾಸಿಯ ಟೊಳ್ಳು ತೊಲೆಗಳೊಳಗೆ ಉಪ್ಪುನೀರು ಸೇರಿ ಒಳಗಿನಿಂದಲೇ ಉಕ್ಕನ್ನು ತಿನ್ನುತ್ತದೆ. 2015ರ ಮಾದರಿಯಿಂದ ಫೋರ್ಡ್ ಎಫ್-150 ಗಾಡಿಯ ಹೊರಮೈ ಅಲ್ಯೂಮಿನಿಯಂಗೆ ಬದಲಾಯಿತಾದರೂ ಚಾಸಿ ಉಕ್ಕಿನದೇ ಆಗಿ ಉಳಿದಿದೆ. ಹಾಗಾಗಿ ಮೇಲೆ ಹೊಳೆಯುವ ಗಾಡಿಯ ಅಡಿಭಾಗವನ್ನು ಬಗ್ಗಿ ನೋಡುವ ಅಗತ್ಯ ತಪ್ಪಿಲ್ಲ. ಚಳಿಗಾಲದುದ್ದಕ್ಕೂ ಅಡಿಭಾಗವನ್ನು ನೀರಿನ ರಭಸದಿಂದ ತೊಳೆಯುವುದು, ಚಾಸಿಯ ನೀರು ಬಸಿಯುವ ರಂಧ್ರಗಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು, ವರ್ಷಕ್ಕೊಮ್ಮೆ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾದ ಲೇಪನವನ್ನೋ ಎಣ್ಣೆಯನ್ನೋ ಸಿಂಪಡಿಸುವುದು ಅಲ್ಲಿನವರು ಕಂಡುಕೊಂಡ ಉಪಾಯಗಳು. ಕರಾವಳಿಯ ಉಪ್ಪು ಗಾಳಿಯಲ್ಲಿ, ಮಲೆನಾಡಿನ ಕೆಮ್ಮಣ್ಣಿನ ಕೆಸರಿನಲ್ಲಿ ಗಾಡಿ ಓಡಿಸುವ ಕನ್ನಡಿಗರಿಗೂ ಈ ಮಾತು ಸಲ್ಲುತ್ತದೆ. ಮಡ್‌ಗಾರ್ಡಿನ ಒಳಮೂಲೆಗಳಲ್ಲಿ ಮೆತ್ತಿಕೊಂಡ ಕೆಸರು ಮಳೆಗಾಲ ಮುಗಿದ ಮೇಲೂ ತೇವವನ್ನು ಹಿಡಿದಿಟ್ಟುಕೊಂಡು ಲೋಹವನ್ನು ಕೊರೆಯುತ್ತಲೇ ಇರುತ್ತದೆ.

ಮಾರ್ಪಾಡಿನ ಮರ್ಯಾದೆ

ಮಾರ್ಪಾಡುಗಳಲ್ಲಿ ಮೊದಲ ಮಣೆ ತೊಟ್ಟಿಯನ್ನು ಕಾಪಾಡುವ, ಅದರ ಬಳಕೆಯನ್ನು ಹೆಚ್ಚಿಸುವ ಬದಲಾವಣೆಗಳಿಗೆ ಸಲ್ಲಬೇಕು. ಕಲ್ಲು, ಕಬ್ಬಿಣ ಉಜ್ಜಿ ಬಣ್ಣ ಏಳದಂತೆ ತೊಟ್ಟಿಗೆ ಹಾಕಿಸುವ ಒಳಹೊದಿಕೆಯಲ್ಲಿ ಎರಡು ಬಗೆ: ಅಚ್ಚಿನಲ್ಲಿ ಮಾಡಿದ ಪ್ಲಾಸ್ಟಿಕ್ ಹೊದಿಕೆಯನ್ನು ತಂದು ಕೂರಿಸುವುದು ಒಂದು, ದ್ರವರೂಪದ ಪಾಲಿಯುರೆಥೇನ್ ಸಿಂಪಡಿಸಿ ಗಟ್ಟಿ ಪದರವಾಗಿಸುವುದು ಇನ್ನೊಂದು. ಮೊದಲನೆಯದು ಅಗ್ಗ, ಬೇಡವಾದಾಗ ತೆಗೆಯಲೂ ಸುಲಭ. ಆದರೆ ಅದರ ಅಡಿಯಲ್ಲಿ ನೀರೂ ಮರಳೂ ಸೇರಿ, ಗಾಡಿ ಓಡುವಾಗಿನ ಅದುರಿಗೆ ಉಜ್ಜಿ ಬಣ್ಣ ಕಿತ್ತು, ಕಣ್ಣಿಗೆ ಕಾಣದಲ್ಲೇ ತುಕ್ಕು ಹಬ್ಬಬಹುದು. ಎರಡನೆಯದು ಲೋಹಕ್ಕೆ ಅಂಟಿಕೊಂಡು ನೀರಿಗೆ ಎಡೆಗೊಡುವುದಿಲ್ಲವಾದರೂ ದುಬಾರಿ, ಒಮ್ಮೆ ಹಾಕಿಸಿದರೆ ತೆಗೆಯುವುದು ಕಷ್ಟ. ತೊಟ್ಟಿಯ ಬಾಯಿಗೆ ಬಿಗಿಯುವ ಟಾರ್ಪಾಲಿನ ಅಥವಾ ಮಡಚುವ ಹಲಗೆಯ ಮುಚ್ಚಳ, ಕಿಟಕಿಗಳಿರುವ ಫೈಬರ್‌ಗ್ಲಾಸ್ ಚಾವಣಿ, ಏಣಿ ಇಡುವ ಕಂಬಿಗಳು, ಸಾಮಾನು ಕಟ್ಟುವ ಕೊಕ್ಕೆಗಳು ಇವೂ ಇದೇ ಗುಂಪಿಗೆ ಸೇರುತ್ತವೆ.

ಎರಡನೆಯ ಗುಂಪಿನದು ಗಾಡಿಯ ನಿಲುವನ್ನೇ ಬದಲಿಸುವ ಮಾರ್ಪಾಡು. ದೊಡ್ಡ ಟೈರು, ಚಾಸಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಇವು ಕಲ್ಲು ಕೊರಕಲಿನ ದಾರಿಯಲ್ಲಿ ಓಡಾಡುವವರಿಗೆ ನಿಜವಾಗಿಯೂ ಬೇಕಾಗಬಹುದು. ಆದರೆ ಅವುಗಳ ಪರಿಣಾಮ ಗಾಡಿಯ ಉದ್ದಗಲಕ್ಕೂ ಹರಡುತ್ತದೆ. 31 ಅಂಗುಲದ ಟೈರಿನ ಬದಲು 33 ಅಂಗುಲದ ಟೈರು ಹಾಕಿದರೆ ಚಕ್ರದ ಒಂದು ಸುತ್ತಿಗೆ ಗಾಡಿ ಶೇಕಡಾ 6ಕ್ಕೂ ಹೆಚ್ಚು ದೂರ ಸಾಗುವುದರಿಂದ, ಮೀಟರು ಗಂಟೆಗೆ 100 ಕಿಲೋಮೀಟರ್ ತೋರಿಸುವಾಗ ನಿಜವಾದ ವೇಗ 106ನ್ನು ದಾಟಿರುತ್ತದೆ, ಕ್ರಮಿಸಿದ ದೂರವೂ ಕಡಿಮೆ ನಮೂದಾಗುತ್ತದೆ. ಭಾರವಾದ ಚಕ್ರವನ್ನು ನಿಲ್ಲಿಸಲು ಬ್ರೇಕು ಹೆಚ್ಚು ದುಡಿಯಬೇಕು, ತಿರುಗಿಸಲು ಎಂಜಿನ್ನು ಹೆಚ್ಚು ಇಂಧನ ಕುಡಿಯಬೇಕು. ಎತ್ತರಿಸಿದ ಗಾಡಿಯಲ್ಲಿ ಮುಂದಿನ ಆಕ್ಸಲ್ಲಿನ ಕೀಲುಗಳು ಓರೆಯಾಗಿ ಬೇಗ ಸವೆಯುತ್ತವೆ, ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಭಾರಕೇಂದ್ರ ಮೇಲೇರಿ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ. ಮೀಟರಿನ ಅಳತೆ, ವೀಲ್ ಅಲೈನ್‌ಮೆಂಟ್, ದೀಪದ ಕೋನ, ಬ್ರೇಕು ಇವನ್ನೆಲ್ಲ ಹೊಸ ನಿಲುವಿಗೆ ಹೊಂದಿಸಿದಾಗ ಮಾತ್ರ ಆ ಮಾರ್ಪಾಡು ಪೂರ್ತಿಯಾಯಿತೆನ್ನಬಹುದು.

ಚಂದಕ್ಕೆಂದೇ ಮಾಡುವ ಕೆಲವು ಬದಲಾವಣೆಗಳು ಈ ಮರ್ಯಾದೆಯನ್ನು ಮೀರಿದಾಗ ಕಾನೂನು ಮಧ್ಯೆ ಬಂದಿದೆ. ಮುಂಭಾಗವನ್ನು ಎತ್ತರಿಸಿ ಹಿಂಭಾಗವನ್ನು ತಗ್ಗಿಸುವ ಶೈಲಿಯಿಂದ ಚಾಲಕನಿಗೆ ಎದುರಿನ ರಸ್ತೆಯೇ ಕಾಣದಂತಾಗುತ್ತದೆಂದು ಅಮೆರಿಕದ ಉತ್ತರ ಕೆರೊಲಿನಾ 2021ರಲ್ಲಿ, ವರ್ಜೀನಿಯಾ 2022ರಲ್ಲಿ, ದಕ್ಷಿಣ ಕೆರೊಲಿನಾ 2023ರಲ್ಲಿ ಅದನ್ನು ನಿಷೇಧಿಸಿದವು. ಡೀಸೆಲ್ ಪಿಕಪ್ಪಿನ ಹೊಗೆ ಶುದ್ಧೀಕರಿಸುವ ಸಾಧನಗಳನ್ನು ಕಿತ್ತುಹಾಕಿಸುವುದು ಅಲ್ಲಿನ ವಾಯು ಸಂರಕ್ಷಣಾ ಕಾಯ್ದೆಗೆ ವಿರುದ್ಧವಾಗಿದ್ದರೂ, ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಗಾಡಿಗಳಲ್ಲಿ ಹಾಗೆ ಮಾಡಲಾಗಿದೆಯೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿತು. ಗಾಡಿಗಳ ಗಾತ್ರವೂ ಪ್ರಶ್ನೆಗೆ ಹೊರತಲ್ಲ: ಬಾನೆಟ್ಟಿನ ಎತ್ತರ 40 ಅಂಗುಲ ಮೀರಿದ ವಾಹನಗಳು ಪಾದಚಾರಿಗಳಿಗೆ ಡಿಕ್ಕಿ ಹೊಡೆದಾಗ, 30 ಅಂಗುಲ ಮೀರದ ಇಳಿಜಾರು ಬಾನೆಟ್ಟಿನ ವಾಹನಗಳಿಗಿಂತ ಸಾವಿನ ಸಂಭವ ಸುಮಾರು ಶೇಕಡಾ 45ರಷ್ಟು ಹೆಚ್ಚೆಂದು ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಕಂಡುಕೊಂಡಿತು. ಎತ್ತರದ ಸೀಟಿನಿಂದ ದೂರದ ರಸ್ತೆ ಚೆನ್ನಾಗಿ ಕಂಡಷ್ಟೂ ಬಂಪರಿನ ಬುಡದಲ್ಲಿ ನಿಂತ ಮಗು ಕಾಣದಿರುವ ಸಾಧ್ಯತೆ ಹೆಚ್ಚು. ಗಾಡಿಯನ್ನು ಇನ್ನೂ ಎತ್ತರಿಸಲು ಹೊರಟವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ತೀರ್ಮಾನಕ್ಕೆ ಬರಬೇಕು.

ಭಾರತದ ನೆಲದಲ್ಲಿ

ಭಾರತದಲ್ಲಿ ಸ್ವಂತಕ್ಕೆಂದು ಪಿಕಪ್ ಕೊಳ್ಳುವವರು ಇನ್ನೂ ಕೆಲವರೇ. ಆಂಧ್ರಪ್ರದೇಶದ ಶ್ರೀಸಿಟಿಯಲ್ಲಿ ತಯಾರಾಗುವ ಇಸುಜು ವಿ-ಕ್ರಾಸ್ 2016ರಲ್ಲಿ, ಕರ್ನಾಟಕದ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಜೋಡಣೆಯಾಗುವ ಹೈಲಕ್ಸ್ 2022ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ತೋಟದ ಕೆಲಸಕ್ಕೂ ದೂರ ಪ್ರಯಾಣಕ್ಕೂ ಒಂದೇ ಗಾಡಿ ಬಯಸುವವರಿಗೆ ಆಯ್ಕೆ ದೊರೆತಿದೆ. ಆದರೆ ಅಮೆರಿಕದಲ್ಲಿ ಮಾಲೀಕರಿಗೆ ಇರುವಷ್ಟು ಸಡಿಲ ಇಲ್ಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸಿದ್ದು, ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಬಂಪರಿನ ಮುಂದೆ ಹಾಕಿಸುವ ಕಬ್ಬಿಣದ ಗಾರ್ಡುಗಳು ಪಾದಚಾರಿಗಳಿಗೂ ಗಾಡಿಯೊಳಗಿನವರಿಗೂ ಅಪಾಯವೆಂದು ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲಿ ಅವುಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿತು. ಹೀಗಿರುವುದರಿಂದ ಇಲ್ಲಿನ ಮಾಲೀಕರು ಗ್ಯಾರೇಜಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು, ಕಂಪನಿಯೇ ಒಪ್ಪಿ ಮಾರುವ ಹೊದಿಕೆ, ಮುಚ್ಚಳ, ಚಾವಣಿಗಳನ್ನು ಆರಿಸಿಕೊಳ್ಳುವುದು ಕ್ಷೇಮ.

ಇಷ್ಟನ್ನು ಗಮನಿಸಿದರೆ ಪಿಕಪ್ ಸಾಕುವ ಕ್ರಮವೊಂದು ತಾನಾಗಿಯೇ ಮೂಡುತ್ತದೆ. ಹೊಸ ಗಾಡಿಯಾಗಲಿ ಹಳೆಯದಾಗಲಿ, ಮೊದಲ ಹಣ ಟೈರು, ಬ್ರೇಕು, ಎಣ್ಣೆ, ತುಕ್ಕಿನ ತಡೆಗೆ ಹೋಗಬೇಕು, ಕೆಲವು ತಿಂಗಳ ಬಳಕೆಯಲ್ಲಿ ಯಾವ ಕೆಲಸಕ್ಕೆ ಗಾಡಿ ಒದಗುತ್ತಿಲ್ಲವೆಂದು ತಿಳಿದ ಮೇಲೆ, ಆ ಕೊರತೆಯನ್ನು ತುಂಬುವ ಮಾರ್ಪಾಡಿಗೆ ಎರಡನೆಯ ಹಣ, ಶೋಭೆಗೆ ಕೊನೆಯದು. ಮರದ ಪೆಟ್ಟಿಗೆ ಕೂರಿಸಿದ ರೈತರಿಗೆ ತಮಗೆ ಬೇಕಾದದ್ದೇನೆಂಬುದು ಖಚಿತವಾಗಿ ಗೊತ್ತಿತ್ತು. ಅಂಥ ಖಚಿತತೆಯಿಂದ ತನ್ನ ಗಾಡಿಯ ಮಿತಿಯನ್ನು ಅರಿತು, ಅದರ ಅಡಿಭಾಗವನ್ನೂ ಬಗ್ಗಿ ನೋಡುವ ಮಾಲೀಕನಿಗೆ ಪಿಕಪ್ ದಶಕಗಳ ಕಾಲ ದುಡಿದುಕೊಡುತ್ತದೆ, ಹಾಗೂ ಅದು ಕೊಡುವ ಸಂತೋಷದಲ್ಲಿ ಅವನ ಮನೆಯವರಿಗೂ ನೆರೆಯವರಿಗೂ ಪಾಲು ಸಿಗುತ್ತದೆ.